ವಿಭೂತಿ ಹಚ್ಚಿದ ಬ್ಲೇಡು

ಬಬಲೇಶ್ವರದ ಕಂಬಾರ ಗುರಣ್ಣನಿಗೆ ಆಸ್ತಿ ಅಂತ ಇದ್ದದ್ದು ಬಲಗೈಯ ಹೆಬ್ಬೆರಳೊಂದೇ. ಸಾಣೆ ಹಿಡಿದ ಕುಡಗೋಲನ್ನೋ ಕೊಡಲಿಯನ್ನೋ ಆ ಹೆಬ್ಬೆರಳಿನ ಮೇಲೆ ಅಡ್ಡ ಸವರಿ, "ಆತು, ಒಯ್ಯಿ" ಎಂದರೆ ಮುಗಿಯಿತು. ಒಯ್ದವನು ಮುಂದಿನ ಸುಗ್ಗಿಯವರೆಗೆ ಮತ್ತೆ ಮುಖ ತೋರಿಸುತ್ತಿರಲಿಲ್ಲ. ಕೊಡುವಾಗ ಅವನದೊಂದು ನೇಮವಿತ್ತು. ಹರಿತದ ವಸ್ತುವನ್ನು ಎಂದೂ ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ನೆಲದ ಮೇಲೆ ಇಡುತ್ತಿದ್ದ, ಬೇಕಾದವರು ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ದಾಟಿದರೆ ಇಬ್ಬರ ನಡುವೆ ಜನ್ಮಕ್ಕೆ ಮುಗಿಯದ ಹಗೆ ಬೀಳುತ್ತದೆ ಎಂದು ಅವನ ಅಪ್ಪ ಹೇಳಿದ್ದ, ಅಪ್ಪನಿಗೆ ಅವನಪ್ಪ ಹೇಳಿದ್ದ. ನಿಜವೋ ಸುಳ್ಳೋ ಯಾರೂ ಪರೀಕ್ಷೆ ಮಾಡಲು ಹೋಗಿರಲಿಲ್ಲ.

ಟ್ರ್ಯಾಕ್ಟರು ಬಂದು ಕುಂಟೆ, ಕೂರಿಗೆಗಳ ಕೆಲಸ ಹೋಯಿತು. ಕೊಯ್ದು ಒಕ್ಕುವ ರಾಶಿ ಮಷೀನು ಬಂದು ಕುಡಗೋಲುಗಳೂ ಅರ್ಧಕ್ಕರ್ಧ ಮೂಲೆ ಸೇರಿದವು. ಆಗ ಗುರಣ್ಣನ ಮಾನ ಉಳಿಸಿದ್ದು, ನಗಬೇಡಿ, ಹುಲ್ಲು. ದನ ತಿನ್ನುವ ಹುಲ್ಲಲ್ಲ, ಮಂದಿ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವ ಹುಲ್ಲು. ವಿಜಯಪುರದಲ್ಲಿ ಸಿದ್ಧೇಶ್ವರ ಗುಡಿಯ ಹತ್ತಿರ ಅಜ್ಜನ ಕಾಲದಿಂದ ಬಟ್ಟೆ ಅಂಗಡಿ ಇಟ್ಟವರ ಮಗ ಅರುಣಕುಮಾರ, ತಿಕೋಟಾ ಊರ ಹೊರಗೆ ರಸ್ತೆಗೆ ಹೊಂದಿ ಮಂಗಲ ಕಾರ್ಯಾಲಯ ಕಟ್ಟಿಸಿ, ಅದರ ಮುಂದೆ ಒಂದು ಎಕರೆ ಹುಲ್ಲುಹಾಸು ಬೆಳೆಸಿದ್ದ. ಗುರಣ್ಣನ ಹೆಂಡತಿ ಗುರುಬಾಯಿ ಅದನ್ನು ಮೊದಲ ಸಲ ನೋಡಿದಾಗ, "ಇಷ್ಟು ಜಾಗಾದಾಗ ಹತ್ತು ಎಮ್ಮಿ ಕಟ್ಟಬಹುದಿತ್ತಲ್ರೀ" ಎಂದು ಹೊಟ್ಟೆ ಉರಿಸಿಕೊಂಡಿದ್ದಳು. ಆ ಹುಲ್ಲನ್ನು ನೋಡಿಕೊಳ್ಳುವ ಮಾಲಿ ಶ್ರೀಮಂತ ಗುರುಬಾಯಿಯ ಬೆನ್ನಿಗೆ ಬಿದ್ದ ತಮ್ಮ. ಹೆಸರಿನಲ್ಲಿ ಮಾತ್ರ ಶ್ರೀಮಂತ. ಹುಲ್ಲು ಕತ್ತರಿಸುವ ಮಷೀನಿನ ಬ್ಲೇಡು ಮೊಂಡಾದಾಗ ಅವನು ಅದನ್ನು ತಂದು ಮಾಮಾನ ಕುಲುಮೆಯ ಮುಂದೆ ಇಟ್ಟ.

ಮೊಳಕೈ ಉದ್ದದ ಕಬ್ಬಿಣದ ಪಟ್ಟಿ, ನಡುವೆ ಬೋಲ್ಟಿನ ತೂತು, ಎರಡೂ ತುದಿಗೆ ಒಂದೊಂದು ಹರಿತದ ಬಾಯಿ. ಬಾಯಿಯ ಹಿಂದಿನ ಅಂಚು ರೆಕ್ಕೆಯ ಹಾಗೆ ತುಸು ಮೇಲಕ್ಕೆ ಬಾಗಿರುತ್ತದೆ. ಮಷೀನಿಗೆ ಕೂಡಿಸುವಾಗ ರೆಕ್ಕೆ ಮೇಲಾಗಬೇಕು, ಸಪಾಟ ಮಗ್ಗುಲು ನೆಲ ನೋಡಬೇಕು. ಮೊದಲ ಸಲ ಗುರಣ್ಣ ಅದನ್ನು ಕುಡಗೋಲೆಂದೇ ತಿಳಿದು ತೆಳ್ಳಗೆ ಮಸೆದ, ಮೊದಲ ಹರಳಿಗೇ ಬಾಯಿ ಮುಕ್ಕಾಯಿತು. ಎರಡನೇ ಸಲಕ್ಕೆ ತಿಳಿಯಿತು: ಇದಕ್ಕೆ ಅಷ್ಟು ಹರಿತ ಬೇಡ, ಬಾಯಿ ದಪ್ಪಗಿರಬೇಕು, ಎರಡೂ ತುದಿ ಒಂದೇ ತೂಕ ಇರಬೇಕು. ತೂತಿಗೆ ಮೊಳೆ ಹಾಕಿ ಗೋಡೆಗೆ ತೂಗುಬಿಟ್ಟರೆ ಯಾವ ಕಡೆಗೂ ವಾಲಬಾರದು. ಅಂದಿನಿಂದ ಆರು ವರ್ಷ ಆ ಹುಲ್ಲು ಗುರಣ್ಣನ ಕೈಯ ಹರಿತದಲ್ಲೇ ಬೆಳೆಯಿತು. ವಿಜಯಪುರದಿಂದ ಬಂದವರು ಚಪ್ಪಲಿ ಬಿಟ್ಟು ಅದರ ಮೇಲೆ ನಡೆದು "ಏನ್ ಛಲೋ ಐತಿ" ಎನ್ನುವಾಗ ಯಾರೂ ಗುರಣ್ಣನ ಹೆಸರು ಹೇಳುತ್ತಿರಲಿಲ್ಲ, ನಿಜ. ಆದರೆ ಬಬಲೇಶ್ವರದ ಸಂತೆಯಲ್ಲಿ ಮಂದಿ, "ಸಾವುಕಾರ್ರ ಮಷೀನಿಗೂ ನಮ್ಮ ಗುರಣ್ಣನ ಕೈಯೇ ಬೇಕು" ಎನ್ನುತ್ತಿದ್ದರು. ಅಷ್ಟು ಸಾಕಿತ್ತು ಅವನಿಗೆ.

ಮಸೆದು ಮುಗಿದ ಮೇಲೆ ಬ್ಲೇಡನ್ನು ಮಣೆಯ ಮೇಲೆ ಬೋರಲಾಗಿ, ಅಂದರೆ ರೆಕ್ಕೆ ಕೆಳಗೆ ಮಾಡಿ ಇಟ್ಟು, ಅಗಲವಾದ ಸಪಾಟ ಮಗ್ಗುಲಿಗೆ ಮೂರು ಬೆರಳು ವಿಭೂತಿ ಎಳೆದು ನಡುವೆ ಕುಂಕುಮ ಇಡುವುದು ಗುರಣ್ಣನ ರೂಢಿ. ತಿಕೋಟಾಕ್ಕೆ ಹೋಗಿ ತಾನೇ ಕೂಡಿಸುತ್ತಿದ್ದ. ಕೂಡಿಸುವ ಮುಂಚೆ ಆ ವಿಭೂತಿ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿ ತನ್ನ ಹಣೆಗೆ ಹಚ್ಚಿಕೊಳ್ಳುತ್ತಿದ್ದ. ಪಕ್ಕದಲ್ಲಿ ನಿಂತ ಶ್ರೀಮಂತನಿಗೆ ಅದು ಮುದುಕನ ಭಕ್ತಿಯಾಗಿ ಕಂಡಿತ್ತೇ ಹೊರತು ಕೆಲಸದ ಭಾಗವಾಗಿ ಕಾಣಲಿಲ್ಲ. ಗುರಣ್ಣನೂ ಹೇಳಿಕೊಡಲಿಲ್ಲ. ಅದರಲ್ಲಿ ಹೇಳಿಕೊಡುವಂಥದ್ದು ಏನಿದೆ ಎಂದು ಅವನಿಗೆ ಅನಿಸಿರಬೇಕು.

ಹೋದ ವರ್ಷ ಶ್ರಾವಣದಲ್ಲಿ ಗುರಣ್ಣನ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಹಸಿರು ಬಟ್ಟೆ ಕಟ್ಟಿಕೊಂಡು ಬಸ್ಸಿನಲ್ಲಿ ಬಂದವನನ್ನು ಊರೆಲ್ಲ ನೋಡಿತು. ದಸರೆ ಬರುವಷ್ಟರಲ್ಲಿ ಕಣ್ಣು ವಾಸಿಯಾಗಿತ್ತು, ಊರಿನ ನಾಲಿಗೆ ವಾಸಿಯಾಗಿರಲಿಲ್ಲ.

ಖಂಡೇಪೂಜೆಯ ದಿನ ಕಾರ್ಯಾಲಯದ ಸಾಮಾನುಗಳಿಗೆಲ್ಲ ಪೂಜೆ ಆಗಬೇಕೆಂದು ಅರುಣಕುಮಾರನ ತಾಯಿ ವಿದ್ಯಾವತಿಬಾಯಿ ಹೇಳಿ ಕಳಿಸಿದ್ದರು. ಗುರಣ್ಣ ಹಿಂದಿನ ದಿನವೇ ಮಸೆದಿಟ್ಟ ಬ್ಲೇಡನ್ನು ಒಯ್ದು, ಶೆಡ್ಡಿನಲ್ಲಿ ಮಷೀನಿನ ಪಕ್ಕ ಮಣೆ ಹಾಕಿ ಅದರ ಮೇಲಿಟ್ಟು, ವಿಭೂತಿ ಕುಂಕುಮ ಹಚ್ಚಿ ಕಾಯಿ ಒಡೆದ. ಪೂಜೆಗೆ ಇಟ್ಟ ಆಯುಧವನ್ನು ಅಂದು ಕದಲಿಸುವ ಹಾಗಿಲ್ಲ. ಮರುದಿನ ದಶಮಿ, ಅಂದು ಬಬಲೇಶ್ವರದ ರೈತರು ವರ್ಷದ ಮೊದಲ ಏಟು ಹಾಕಿಸಲು ಅವನ ಕುಲುಮೆಗೆ ಬರುತ್ತಾರೆ. ಎರಡೂ ಕಡೆ ಒಬ್ಬನೇ ಇರುವುದು ಹೇಗೆ?

"ನಾಳೆ ನೀನs ಕೂಡ್ಸು ಶ್ರೀಮಂತ. ಆರು ವರ್ಷ ನೋಡೀಯಲ್ಲ" ಎಂದ ಗುರಣ್ಣ.

"ಆಗ್ಲಿ ಮಾಮಾ, ಅದೇನ್ ದೊಡ್ಡ ವಿದ್ಯಾನ?" ಎಂದ ಶ್ರೀಮಂತ.

ದಶಮಿ ಕಳೆದು ಮೂರನೇ ದಿನಕ್ಕೆ ಅದೇ ಹುಲ್ಲಿನ ಮೇಲೆ ಅರುಣಕುಮಾರನ ಮಗಳು ಕಾವ್ಯಾಳ ಎಂಗೇಜ್‌ಮೆಂಟು. ಅದು ಮುಗಿದ ಮರುದಿನ ಬೆಳಿಗ್ಗೆ ಗುರಣ್ಣನಿಗೆ ಕರೆ ಬಂತು. ಇನಾಮು ಕೊಡುತ್ತಾರೇನೋ ಎಂದು ಅವನು ತೊಳೆದ ಧೋತರ ಉಟ್ಟುಕೊಂಡು ಹೋದ. ಹೋಗಿ ನೋಡಿದರೆ ಒಂದು ಎಕರೆ ಹುಲ್ಲಿನ ತುದಿಯೆಲ್ಲ ಬೆಳ್ಳಗೆ ಒಣಗಿ ನಿಂತಿದೆ. ಅಲ್ಲಲ್ಲಿ ಬುಡ ಸಮೇತ ಕಿತ್ತು ಬಂದಿದೆ. ಕತ್ತರಿಸಿದ ಹುಲ್ಲಲ್ಲ ಅದು, ಬಡಿದು ಹರಿದ ಹುಲ್ಲು.

ಪೆಂಡಾಲು ಬಿಚ್ಚುವವರು, ಅಡುಗೆಯವರು, ಬೀಗರ ಕಡೆಯ ಉಳಿದವರು, ಎಲ್ಲರ ಮುಂದೆ ಅರುಣಕುಮಾರ ಶುರು ಮಾಡಿದ.

"ಸೋಲಾಪುರದ ಬೀಗರು ಬಂದು, ಇದೇನ್ರಿ ನಿಮ್ಮ ಹುಲ್ಲಿಗೆ ರೋಗ ಬಂದೈತೇನು ಅಂತ ಕೇಳ್ತಾರ. ಏನಂತ ಹೇಳ್ಲಿ ನಾನು? ನಮ್ಮ ಕಂಬಾರಗ ಕಣ್ಣ ಕಾಣಂಗಿಲ್ಲ ಅಂತ ಹೇಳ್ಲ್ಯಾ?"

"ಬಾಯಿ ಸರಿ ಇತ್ರಿ ಸಾವುಕಾರ್ರ. ಹೆಬ್ಬಟ್ಟಿನ ಮ್ಯಾಲ ನೋಡೇ ತಂದೇನಿ. ಮಷೀನ್ಯಾಗ ಏನಾರ ಆಗಿರಬೇಕು..."

"ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದಳಂತ!"

ನಿಂತವರು ನಕ್ಕರು. ಗುರಣ್ಣನಿಗೆ ಕಿವಿ ಬಿಸಿಯಾದವು. ಕುಲುಮೆಯ ಮುಂದೆ ಕೂತು ಕಳೆದ ನಲವತ್ತು ವರ್ಷದಲ್ಲಿ ಅವನ ಕೆಲಸ ನೋಡಿ ಯಾರೂ ನಕ್ಕಿರಲಿಲ್ಲ.

"ಆ ಬ್ಲೇಡರ ಒಂದ್ಸಲ ತೋರಿಸ್ರಿ" ಎಂದ.

ಶ್ರೀಮಂತ ನೀರಿನ ಪೈಪು ಹಿಡಿದು ನಿಂತಿದ್ದ. ತಲೆ ಎತ್ತದೆ ಹೇಳಿದ: "ಬ್ಲೇಡ್ ಇಲ್ಲ ಮಾಮಾ. ಮುಂಜಾನೇನs ಬಿಚ್ಚಿಸಿ ಗುಜರಿಗಿ ಹಾಕೇನಿ. ಸೋಲಾಪುರದಿಂದ ಹೊಸಾದು ತರಿಸ್ಯಾರ."

ಅಲ್ಲಿಗೆ ಮುಗಿಯಿತು. ತಿಕೋಟಾದ ಮಾತು ಬಸ್ಸು ಹತ್ತಿ ಬಬಲೇಶ್ವರಕ್ಕೆ ಗುರಣ್ಣನಿಗಿಂತ ಮೊದಲು ಬಂದಿಳಿದಿತ್ತು. 'ಗುರಣ್ಣನ ಕೈ ಹೋಗೈತಿ' ಎಂದು ಒಬ್ಬ ಅಂದ, 'ಕಣ್ಣು ಹೋದ ಮ್ಯಾಲ ಕೈ ಎಲ್ಲಿ ಉಳೀತೈತಿ' ಎಂದು ಇನ್ನೊಬ್ಬ ಅಂದ. ಇಪ್ಪತ್ತು ವರ್ಷದಿಂದ ಬರುತ್ತಿದ್ದ ಸಾರವಾಡದ ರೈತನೊಬ್ಬ ಕುಡಗೋಲನ್ನು ಟವೆಲಿನಲ್ಲಿ ಸುತ್ತಿಕೊಂಡು, ಅವನ ಬಾಗಿಲ ಮುಂದೆಯೇ ಹಾದು ವಿಜಯಪುರದ ಬಸ್ಸು ಹತ್ತಿದ. ಟವೆಲಿನಿಂದ ಹಿಡಿಕೆ ಇಣುಕುತ್ತಿತ್ತು. ಆ ಹಿಡಿಕೆಯನ್ನು ಕೂಡಿಸಿಕೊಟ್ಟವನೇ ಗುರಣ್ಣ.

ಮಂದಿ ಅಂದದ್ದು ಒಂದು ಕಡೆ ಇರಲಿ. ಕೆಟ್ಟದ್ದೆಂದರೆ ಗುರಣ್ಣನೇ ಅದನ್ನು ನಂಬಿದ್ದು. ಹೆಬ್ಬೆರಳು 'ಆತು' ಎಂದರೂ ಅವನು ಮತ್ತೊಮ್ಮೆ ಸಾಣೆಗೆ ಹಿಡಿಯತೊಡಗಿದ, ಮತ್ತೊಮ್ಮೆ, ಮಗುದೊಮ್ಮೆ. ಬಂದ ನಾಲ್ಕಾರು ಕುಡಗೋಲುಗಳನ್ನೂ ಕಾಗದದಷ್ಟು ತೆಳ್ಳಗೆ ತೇದು ಹಾಳು ಮಾಡಿದ. ಆಗ ನಿಜವಾಗಿಯೂ ಅವನ ಕೈ ಹೋಯಿತು. ರಾತ್ರಿ ಊಟಕ್ಕೆ ಕೂತಾಗ ರೊಟ್ಟಿಯ ಅಂಚನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತ ಕೂಡುತ್ತಿದ್ದ. ಗುರುಬಾಯಿ ಅವನನ್ನು ವಿಜಯಪುರಕ್ಕೆ ಕರೆದುಕೊಂಡು ಹೋಗಿ ಮತ್ತೆ ಕಣ್ಣಿನ ಡಾಕ್ಟರಿಗೆ ತೋರಿಸಿದಳು. "ಈ ಕಣ್ಣಿಲೆ ಸೂಜಿಗೆ ದಾರ ಪೋಣಸಬಹುದಲ್ರೀ ಅಜ್ಜಾ" ಎಂದರು ಡಾಕ್ಟರು. ಗುರಣ್ಣ ನಂಬಲಿಲ್ಲ. ಗುರುಬಾಯಿ ಪಕ್ಕದ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದಳು.

ವರ್ಷ ತಿರುಗಿ ಮತ್ತೆ ಖಂಡೇಪೂಜೆ ಬಂತು. ಪೂಜೆಯ ಹಿಂದಿನ ದಿನ ಗುರಣ್ಣ ತನ್ನ ಸಾಣೆ ಮಷೀನನ್ನು ಚೀಲಕ್ಕೆ ಹಾಕಿ, ಹೆಂಡತಿಗೆ ಹೇಳದೆ, ತಿಕೋಟಾದ ಬಸ್ಸು ಹತ್ತಿದ. ಅಲ್ಲಿ ಗುಜರಿ ಅಂಗಡಿಯ ಗೈಬುಸಾಬ ಅವನ ಹಳೆಯ ಗೆಳೆಯ. ಕುಲುಮೆಗೆ ಬೇಕಾದ ಹಳೆ ಕಬ್ಬಿಣವನ್ನು ಗುರಣ್ಣ ಅವನಲ್ಲೇ ತರುತ್ತಿದ್ದ.

"ಬಾರಪಾ ಗುರಣ್ಣ! ವರ್ಷಾತು ಮಾರಿ ನೋಡಿ. ಏನ್ ತಂದಿ ಚೀಲದಾಗ?"

"ಸಾಣಿ ಮಷೀನು. ತೂಕಕ್ಕ ಹಾಕು."

ಗೈಬುಸಾಬ ಅವನ ಮುಖ ನೋಡಿದ. "ತಲಿ ಕೆಟ್ಟೈತೇನ್ ನಿಂದು? ನಾಳೆ ಖಂಡಿಪೂಜಿ ಇಟ್ಕೊಂಡು ಯಾವ ಕಂಬಾರ ಸಾಣಿ ಮಾರ್ತಾನೋ?"

"ದುಡೀಲಾರದ್ದಕ್ಕ ಕುಂಕುಮ ಹಚ್ಚಿದರ ಅದು ಸುಳ್ಳ ಪೂಜಿ, ಗೈಬು. ಹಾಕು ಅಂದ್ನೆಲ್ಲ, ಹಾಕು."

ಗೈಬುಸಾಬ ಗೊಣಗುತ್ತ ಮಷೀನನ್ನು ತಕ್ಕಡಿಯ ಮೇಲಿಟ್ಟ. ಹಳೆಯ ಕಟ್ಟೆತಕ್ಕಡಿ. ಅದರ ಒಂದು ಕಾಲು ಗಿಡ್ಡ, ಕೆಳಗೆ ಏನೋ ಕಬ್ಬಿಣದ ತುಂಡು ಒತ್ತುಕೊಟ್ಟು ಸಮ ಮಾಡಿದ್ದ. ಮಷೀನಿನ ಭಾರಕ್ಕೆ ತಕ್ಕಡಿ ವಾಲಿ ಆ ತುಂಡು ಠಣ್ಣೆಂದು ಹೊರಗೆ ಜಾರಿತು. ಸರಿಯಾಗಿ ಇಡೋಣವೆಂದು ಗುರಣ್ಣ ಬಗ್ಗಿ ಎತ್ತಿಕೊಂಡ. ಅದು ಏನೆಂದು ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಗೊತ್ತಾಯಿತು.

ಬಿಸಿಲಿಗೆ ಬಂದು ನೋಡಿದ. ತನ್ನ ಬ್ಲೇಡೇ. ತುಕ್ಕನ್ನು ಧೋತರದ ಚುಂಗಿನಿಂದ ತಿಕ್ಕಿದ. ಎರಡೂ ತುದಿಯ ಬಾಯಿಯ ಮೇಲೆ ತಾನು ಕೊನೆಗೆ ಎಳೆದ ಅರದ ಗೀರುಗಳು ಹಾಗೇ ಇದ್ದವು. ಒಂದೂ ಅಳಿಸಿರಲಿಲ್ಲ, ಒಂದು ಹರಳಿನ ಏಟೂ ಬಿದ್ದಿರಲಿಲ್ಲ. ಹುಲ್ಲಿನ ರುಚಿಯನ್ನೇ ನೋಡದ ಬಾಯಿ ಅದು. ಏಟು ಬಿದ್ದದ್ದೆಲ್ಲ ಹಿಂದಿನ ಅಂಚಿಗೆ, ಮಸೆಯದ ಮೊಂಡ ರೆಕ್ಕೆಗೆ. ಅಲ್ಲಿ ಕಲ್ಲು ಬಡಿದ ತಗ್ಗುಗಳು, ಒಣಗಿ ಕಪ್ಪಾದ ಹುಲ್ಲಿನ ರಸ. ಬೋಲ್ಟಿನ ತೂತಿನ ಸುತ್ತ, ವಾಶರು ಒತ್ತಿ ಕೂತಿದ್ದ ಜಾಗದಲ್ಲಿ, ಉಗುರಿನಷ್ಟು ಕುಂಕುಮ ಇನ್ನೂ ಅಂಟಿಕೊಂಡಿತ್ತು.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಬ್ಲೇಡನ್ನು ಬೋರಲಾಗಿ ಕೂಡಿಸಿದ್ದಾರೆ. ವಿಭೂತಿ ಕುಂಕುಮ ಹಚ್ಚಿದ ಮಗ್ಗುಲನ್ನು ನೆಲಕ್ಕೆ ಮುಖ ಮಾಡುವುದು ಹೇಗೆಂದು ಶ್ರೀಮಂತ ಅದನ್ನು ಮೇಲೆ ಮಾಡಿದ್ದಾನೆ. ದೇವರನ್ನು ಮೇಲೆ ಮಾಡಲು ಹೋಗಿ ಹರಿತದ ಬಾಯಿ ಹಿಂದೆ ಬಿದ್ದು, ಮೊಂಡ ರೆಕ್ಕೆ ಮುಂದೆ ಬಂದು, ಒಂದು ಎಕರೆ ಹುಲ್ಲನ್ನು ಬಡಿಗೆಯಿಂದ ಬಡಿದ ಹಾಗೆ ಬಡಿದಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು.

"ಗೈಬು, ನನ್ನ ಸಾಣಿ ಇಳಸು" ಎಂದ ಗುರಣ್ಣ. "ಈ ಬ್ಲೇಡು ನನಗ ಕೊಡು."

"ಹಿಂಗ ಬಾ ದಾರಿಗಿ. ಒಯ್ಯಿ, ಆದರ ನನ್ನ ತಕ್ಕಡಿ ಕಾಲಿಗೆ ಇನ್ನೊಂದು ಏನಾರ ಕೊಟ್ಟು ಹೋಗು" ಎಂದು ಗೈಬುಸಾಬ ನಕ್ಕ.

ಬಬಲೇಶ್ವರದ ಬಸ್ಸಿನಲ್ಲಿ ಗುರಣ್ಣ ಕಿಟಕಿಯ ಕಡೆ ಮುಖ ಮಾಡಿ ಒಬ್ಬನೇ ನಗುತ್ತ ಕೂತ. ಕೈ ಹೋಗಿಲ್ಲ, ಕಣ್ಣು ಹೋಗಿಲ್ಲ! ಶ್ರೀಮಂತನ ಮೇಲೆ ಸಿಟ್ಟೂ ಬರಲಿಲ್ಲ. ಕುಂಕುಮ ಕಂಡು ತಿಳಿಯದೆ ಮಾಡಿದ್ದಾನೆ. ಒರೆಸಿ ಕೂಡಿಸೆಂದು ಹೇಳದೆ ಹೋದದ್ದು ತನ್ನದೇ ತಪ್ಪು. ಅವನಿಗೂ ತೋರಿಸಿ, ಇಬ್ಬರೂ ಕೂಡಿ ಸಾಹುಕಾರನ ಹತ್ತಿರ ಹೋದರಾಯಿತು ಎಂದುಕೊಂಡ. ಎಲ್ಲಕ್ಕೂ ಮೊದಲು ಗುರುಬಾಯಿಗೆ ಹೇಳಬೇಕು. ಒಂದು ವರ್ಷ ತನ್ನ ಜೊತೆ ಅವಳೂ ಬೆಂದಿದ್ದಾಳೆ.

ಗುರುಬಾಯಿ ಪೂಜೆಗಾಗಿ ಕುಲುಮೆಯ ಕಟ್ಟೆ ಸಾರಿಸುತ್ತಿದ್ದಳು. ಗುರಣ್ಣ ಒಂದು ಮಾತೂ ಆಡದೆ ಬ್ಲೇಡನ್ನು ಅವಳ ಮುಂದೆ ನೆಲದ ಮೇಲಿಟ್ಟು, ಅವಳು 'ಇದೇನ್ರಿ?' ಎಂದು ಕೇಳುವುದನ್ನು ಕಾಯುತ್ತ ನಿಂತ.

ಅವಳು ಕೇಳಲಿಲ್ಲ. ಸಾರಿಸುವ ಕೈ ನಿಂತಿತು.

"ಆಗಿದ್ದು ಆಗಿ ಹೋತು, ಬಿಟ್ಟ ಬಿಡ್ರಿ" ಎಂದಳು. "ತಿಳೀಲಾರದ ಉಲ್ಟಾ ಹಾಕ್ಯಾನ ಹುಡುಗ."

ಗುರಣ್ಣನ ನಗು ಮುಖದ ಮೇಲೆಯೇ ಒಣಗಿತು.

"ಉಲ್ಟಾ ಹಾಕ್ಯಾರಂತ ನಾ ಇನ್ನೂ ಹೇಳೇ ಇಲ್ಲಲ್ಲ ಗುರುಬಾಯಿ."

ಅವಳು ಸೆಗಣಿಯ ಕೈಯಲ್ಲೇ ಕೂತುಬಿಟ್ಟಳು. ಆಮೇಲೆ ಎಲ್ಲ ಹೊರಗೆ ಬಂತು. ಹೊಸ ಬ್ಲೇಡು ಕೂಡಿಸಲು ಬಂದ ಮೆಕ್ಯಾನಿಕ್ಕು ಹಳೆಯದನ್ನು ಬಿಚ್ಚುತ್ತಲೇ 'ಯಾರಪ್ಪಾ ಇದನ್ನ ಉಲ್ಟಾ ಕೂಡ್ಸಿದವ' ಎಂದು ಶ್ರೀಮಂತನೊಬ್ಬನ ಮುಂದೆ ನಕ್ಕಿದ್ದನಂತೆ. ಶ್ರೀಮಂತ ಆಗಲೇ ಓಡಿ ಹೋಗಿ ಅದನ್ನು ಗುಜರಿಗೆ ಒಗೆದಿದ್ದ. ನಾಲ್ಕು ದಿನ ಬಿಟ್ಟು ಅಕ್ಕನ ಹತ್ತಿರ ಬಂದು ಅತ್ತಿದ್ದ.

"ಕಾಲು ಹಿಡಕೊಂಡ್ರಿ. ಹೇಳಿದರ ಕೆಲಸ ಹೋಗ್ತೈತಿ ಅಕ್ಕಾ ಅಂದ. ಎರಡು ಸಣ್ಣ ಮಕ್ಕಳು ಅದಾವ ಅವಗ. ನಮಗರ ಏನು, ಎರಡು ಹೊಟ್ಟಿ, ಹೆಂಗೋ ನಡೀತೈತಿ ಅಂತ..."

"ನನ್ನನ್ನ ಡಾಕ್ಟರ ಹತ್ರ ಯಾಕ ಕರಕೊಂಡು ಹೋದಿ?"

"ನಿಮಗ ಸಮಾಧಾನ ಆಗ್ಲಿ ಅಂತ."

ಗುರಣ್ಣ ಅವಳನ್ನೇ ನೋಡಿದ. ತಾನು ರೊಟ್ಟಿಯ ಅಂಚು ಸವರುತ್ತ ಕೂತ ಒಂದೊಂದು ರಾತ್ರಿಯೂ ಇವಳಿಗೆ ಗೊತ್ತಿತ್ತು. ಡಾಕ್ಟರು ಸೂಜಿ ದಾರದ ಮಾತು ಹೇಳಿದಾಗ ಪಕ್ಕದಲ್ಲಿ ಕೂತವಳಿಗೆ ಗೊತ್ತಿತ್ತು. ಮೂವತ್ತೈದು ವರ್ಷ ಸಂಸಾರ ಮಾಡಿದವಳು ಅವನ ಹೆಸರನ್ನೂ ತಮ್ಮನ ಕೆಲಸವನ್ನೂ ತಕ್ಕಡಿಯಲ್ಲಿಟ್ಟು ತೂಗಿ, ಹೆಸರು ಹಗುರೆಂದು ತೀರ್ಮಾನ ಮಾಡಿದ್ದಳು. ಅವನಿಗೆ ಅಳು ಬಂತು, ಅಳಲಿಲ್ಲ. ಬ್ಲೇಡನ್ನು ಎತ್ತಿಕೊಂಡು ಒಳಗೆ ಹೋದ.

ಮರುದಿನದ ಪೂಜೆಯಲ್ಲಿ ಸುತ್ತಿಗೆ, ಇಕ್ಕಳ, ಸಾಣೆ ಮಷೀನುಗಳ ನಡುವೆ ಆ ಬ್ಲೇಡೂ ಇತ್ತು. ಈ ಸಲ ರೆಕ್ಕೆ ಮೇಲಿತ್ತು. ವಿಭೂತಿಯನ್ನು ಅವನು ಆ ಮಗ್ಗುಲಿಗೇ ಹಚ್ಚಿದ.

ದಶಮಿಯ ಬೆಳಿಗ್ಗೆ ಮೊದಲ ಏಟು ಹಾಕಿಸಲು ಒಬ್ಬರೂ ಬರಲಿಲ್ಲ. ಸಂಜೆ ಶ್ರೀಮಂತ ಬಂದ. ವರ್ಷವೂ ಬರುವವನು, ಅಕ್ಕ ಮಾಮಾರಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳಲು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬನ್ನಿ ಎಲೆ.

"ಬನ್ನಿ ತಗೋರಿ ಮಾಮಾ. ನಾವೂ ನೀವೂ ಬಂಗಾರದಂಗ ಇರೂಣು" ಎಂದು ಎರಡೂ ಕೈ ಚಾಚಿದ.

ಗುರಣ್ಣ ಎದ್ದು ಪೂಜೆಯ ಮಣೆಯಿಂದ ಬ್ಲೇಡನ್ನು ಎತ್ತಿದ. ಶ್ರೀಮಂತ ಅದನ್ನು ಕಂಡ. ಚಾಚಿದ ಕೈ ಚಾಚಿದ ಹಾಗೇ ನಿಂತವು.

"ರೀ, ಕೈಯಾಗ ಕೊಡಬ್ಯಾಡ್ರಿ! ನೆಲಕ್ಕ ಇಡ್ರಿ!" ಎಂದು ಗುರುಬಾಯಿ ಒಳಗಿನಿಂದ ಕೂಗಿಕೊಂಡಳು.

ಗುರಣ್ಣ ನೆಲಕ್ಕೆ ಇಡಲಿಲ್ಲ. ಬನ್ನಿ ಎಲೆಯ ಮೇಲೆ, ಆ ಎರಡು ಕೈಗಳಲ್ಲಿ, ತನ್ನ ಎರಡೂ ಕೈಯಿಂದ ಬ್ಲೇಡನ್ನು ಇಟ್ಟ. ಅಪ್ಪ, ಅಜ್ಜ ಹೇಳಿದ ನೇಮವನ್ನು ಬದುಕಿನಲ್ಲಿ ಮೊದಲ ಸಲ ತಿಳಿದೂ ತಿಳಿದೂ ಮುರಿದ.

"ಇದನ್ನ ಒಯ್ದು ನಿಮ್ಮ ಸಾವುಕಾರಗ ತೋರ್ಸು. ಎಲ್ಲಾರ ಮುಂದ ನನ್ನ ಮಾನ ಕಳದಾನಲ್ಲ, ಹಂಗs ಎಲ್ಲಾರ ಮುಂದ ಹೇಳು. ನಾ ಹೇಳಿದರ ಮುದುಕ ಕತಿ ಕಟ್ಯಾನ ಅಂತಾರ. ನೀನs ಹೇಳಬೇಕು. ಮೂರು ದಿನ ಕಾಯ್ತೇನಿ."

"ಮಾಮಾ, ಕೆಲಸ..."

"ನಂದೂ ಕೆಲಸs ಇತ್ತಲೇ."

ಶ್ರೀಮಂತ ಅಕ್ಕನ ಕಡೆ ನೋಡಿದ. ಅಕ್ಕ ಗೋಡೆಯ ಕಡೆ ನೋಡಿದಳು. ಕೊನೆಗೆ ಅವನು ಬ್ಲೇಡನ್ನು ಬಗಲಲ್ಲಿ ಇಟ್ಟುಕೊಂಡು, ಬನ್ನಿಯನ್ನು ಕಟ್ಟೆಯ ಮೇಲೆ ಬಿಟ್ಟು ಹೋದ. ಹೇಳುತ್ತಾನೆ ಎಂದು ಗುರಣ್ಣನಿಗೆ ಅನಿಸಿತು. ಹೋಗುವಾಗ ಅವನ ಕಣ್ಣಲ್ಲಿ ನೀರಿತ್ತು. ಕಣ್ಣೀರನ್ನು ನಂಬುವ ಜಾತಿ ಗುರಣ್ಣನದು.

ಒಂದು ದಿನ ಕಾಯ್ದ. ಎರಡನೇ ದಿನ ಕುಲುಮೆಯ ಕಸ ಹೊಡೆದು, ಮನೆಯ ಈಳಿಗೆಯನ್ನೇ ಸಾಣೆಗೆ ಹಿಡಿದ. ಹೆಬ್ಬೆರಳು 'ಆತು' ಎಂದಿತು, ಅವನು ಅಲ್ಲಿಗೇ ನಿಲ್ಲಿಸಿದ. ವರ್ಷದ ಮೇಲೆ ಮೊದಲ ಸಲ ನಿಲ್ಲಿಸಿದ. ಮೂರನೇ ದಿನ ತೊಳೆದ ಧೋತರ ಉಟ್ಟು ಕಟ್ಟೆಯ ಮೇಲೆ ಕೂತ. ಸಾಹುಕಾರನ ಕಡೆಯಿಂದ ಕರೆ ಬಂದರೆ ಹೊರಡಲು ತಯಾರಿರಬೇಕಲ್ಲ.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಗೈಬುಸಾಬ.

"ಏ ಗುರಣ್ಣ, ಏನೋ ಇದು ಆಟ? ನಿನ್ನ ಬ್ಲೇಡು ಮತ್ತ ನನ್ನ ಗುಜರಿಗಿ ಬಂದೈತಲ್ಲೋ! ನಾ ಊಟಕ್ಕ ಹೋದಾಗ ಯಾರೋ ಗುಂಪಿ ಮ್ಯಾಲ ಒಗದು ಹೋಗ್ಯಾರ. ನಿನಗ ತಗದ ಇಡ್ಲ್ಯಾ?"

ಗುರಣ್ಣ ಪಕ್ಕಕ್ಕೆ ನೋಡಿದ. ಕಟ್ಟೆಯ ಮೇಲೆ ಶ್ರೀಮಂತ ಬಿಟ್ಟುಹೋದ ಬನ್ನಿ ಎಲೆ ಬಾಡಿ ಸುರುಟಿಕೊಂಡಿತ್ತು.

"ಬ್ಯಾಡ ಗೈಬು" ಎಂದ. "ನಿನ್ನ ತಕ್ಕಡಿ ಕಾಲಿಗೇ ಇಡು. ಅದು ಸಮಾ ಇರ್ಲಿ."

ಫೋನು ಕೆಳಗಿಟ್ಟ. ಗುರುಬಾಯಿ ಬಾಗಿಲಿಗೆ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಂಜಿಕೆಯಿಂದ ಕೇಳಿದಳು: "ಯಾರ ಫೋನ್ರೀ?"

"ನಿನ್ನ ತಮ್ಮಂದು" ಎಂದ ಗುರಣ್ಣ. "ಜವಾಬು ಕಳಿಸ್ಯಾನ."